ಅಮೆರಿಕದ ಹಳೆಯ ಟಿವಿ ಸರಣಿಗಳ ಡಿಸ್ಕ್ ಸೆಟ್‌ಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಅಮೆರಿಕದ ಟೆಲಿವಿಷನ್ ಚರಿತ್ರೆಯನ್ನು ಅಲ್ಲಿನ ಕಾರ್ಯಕ್ರಮಗಳನ್ನೇ ನೋಡಿ ತಿಳಿಯಬೇಕು ಎನ್ನುವವರಿಗೆ ಸಾಮಗ್ರಿಯ ಬರವಿಲ್ಲ, ಸರಿಯಾದ ಪ್ರತಿಯ ಬರವಿದೆ. ಒಂದೇ ಸರಣಿ ಡಿವಿಡಿಯಲ್ಲಿ ಒಂದು ಬಗೆ, ಬ್ಲೂ-ರೇಯಲ್ಲಿ ಇನ್ನೊಂದು ಬಗೆ, ಸ್ಟ್ರೀಮಿಂಗ್‌ನಲ್ಲಿ ಮತ್ತೊಂದು ಬಗೆ. ಎಲ್ಲಿ ಎರಡು ನಿಮಿಷ ಕತ್ತರಿಸಿದ್ದಾರೆ, ಎಲ್ಲಿ ಹಾಡು ಬದಲಾಗಿದೆ, ಎಲ್ಲಿ ಚಿತ್ರದ ತಲೆ-ಕಾಲು ಹೋಗಿದೆ ಎಂಬುದನ್ನು ಯಾವ ಪೆಟ್ಟಿಗೆಯ ಹಿಂಬದಿಯಲ್ಲೂ ಬರೆದಿರುವುದಿಲ್ಲ. ‘ಡಿಜಿಟಲ್ ರೀಮಾಸ್ಟರ್’ ಎಂಬ ಹಣೆಪಟ್ಟಿಗೆ ಬೆಲೆ ಕೊಡಬೇಕಾಗಿಲ್ಲ. ಯಾರು ಬೇಕಾದರೂ ಅದನ್ನು ಅಚ್ಚು ಹಾಕಿಸಬಹುದು.

ಸೆಟ್ ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಈ ಕಾರ್ಯಕ್ರಮವನ್ನು ಆಗ ಯಾವುದರ ಮೇಲೆ ದಾಖಲಿಸಿದ್ದರು? ಫಿಲ್ಮಿನ ಮೇಲೋ, ಟಿವಿ ಪರದೆಯಿಂದಲೇ ಫಿಲ್ಮಿಗೆ ಹಿಡಿದ ಕಿನೆಸ್ಕೋಪೋ, ವಿಡಿಯೊ ಟೇಪೋ? ಡಿಸ್ಕ್ ಎಷ್ಟು ಚೆನ್ನಾಗಿರಲು ಸಾಧ್ಯ ಎಂಬುದು ಅಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ಉಳಿದದ್ದು ಹಕ್ಕುಸ್ವಾಮ್ಯದ ಜಗಳ, ಅದನ್ನು ಮುಂದೆ ನೋಡೋಣ.

ಫಿಲ್ಮಿನಿಂದಲೇ ಶುರು ಮಾಡುವುದು ಸರಿ, ಏಕೆಂದರೆ ಮೊದಲು ಕೊಳ್ಳಬೇಕಾದ ಸೆಟ್ ‘ಐ ಲವ್ ಲೂಸಿ’. 1951ರ ಅಕ್ಟೋಬರ್ 15ರಂದು ಸಿಬಿಎಸ್ ಟಿವಿ ಜಾಲದಲ್ಲಿ ಶುರುವಾದ ಈ ಹಾಸ್ಯ ಸರಣಿಯನ್ನು ನ್ಯೂಯಾರ್ಕ್‌ನಿಂದ ನೇರ ಪ್ರಸಾರ ಮಾಡಬೇಕೆಂದು ಪ್ರಾಯೋಜಕರಾದ ಫಿಲಿಪ್ ಮಾರಿಸ್ ಸಿಗರೇಟ್ ಕಂಪನಿಯವರ ಹಠ. ಹಾಗೆ ಮಾಡಿದ್ದರೆ ಪಶ್ಚಿಮ ಕರಾವಳಿಗೆ ಮಸುಕಾದ ಕಿನೆಸ್ಕೋಪ್ ಪ್ರತಿ ಹೋಗುತ್ತಿತ್ತು, ಇವತ್ತು ನಮಗೂ ಅದೇ ಸಿಗುತ್ತಿತ್ತು. ಮುಖ್ಯ ಪಾತ್ರಧಾರಿ ದಂಪತಿ ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ಹಾಲಿವುಡ್ ಬಿಟ್ಟು ಕದಲಲು ಒಪ್ಪಲಿಲ್ಲ. ವಾರಕ್ಕೆ 1,000 ಡಾಲರ್ ಸಂಬಳ ಬಿಟ್ಟುಕೊಟ್ಟು, ಪ್ರೇಕ್ಷಕರ ಎದುರೇ 35 ಎಂಎಂ ಫಿಲ್ಮಿನಲ್ಲಿ ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿ, ಆ ಫಿಲ್ಮಿನ ಒಡೆತನವನ್ನು ತಮ್ಮ ಡೆಸಿಲು ಕಂಪನಿಗೆ ಬರೆಸಿಕೊಂಡರು. ಒಂದು ಸಲ ಪ್ರಸಾರವಾದ ಕಾರ್ಯಕ್ರಮಕ್ಕೆ ಮತ್ತೆ ಬೆಲೆ ಬಂದೀತು ಎಂದು ಆಗ ಯಾರೂ ಎಣಿಸಿರಲಿಲ್ಲ. ಮರುಪ್ರಸಾರ ಎಂಬ ವ್ಯಾಪಾರ ಬೆಳೆದದ್ದೇ ಇಂಥ ಫಿಲ್ಮಿನ ಡಬ್ಬಗಳ ಮೇಲೆ. ಬೆಳಕಿನ ಕೆಲಸ ಕಾರ್ಲ್ ಫ್ರಾಯಿಂಡ್ ಅವರದು, ಜರ್ಮನಿಯ ಮೂಕಿಚಿತ್ರಗಳ ಕಾಲದಿಂದಲೇ ಹೆಸರು ಮಾಡಿದ್ದ ಛಾಯಾಗ್ರಾಹಕ. ಮೂರೂ ಕ್ಯಾಮೆರಾಗಳಿಗೆ ಒಟ್ಟಿಗೆ ಸರಿಹೊಂದುವಂತೆ ನೆರಳಿಲ್ಲದ ಸಮಬೆಳಕನ್ನು ಮೇಲಿನಿಂದ ಹಾಯಿಸಿದರು. ಇಂದಿಗೂ ಪ್ರೇಕ್ಷಕರ ಎದುರು ತೆಗೆಯುವ ಹಾಸ್ಯ ಸರಣಿಗಳ ಬೆಳಕು ಬಹುಮಟ್ಟಿಗೆ ಅದೇ ದಾರಿಯದು.

2014ರ ಮೊದಲ ಸೀಸನ್ನಿನ ಬ್ಲೂ-ರೇಯಲ್ಲಿ ಈ ಕೆಲಸವೆಲ್ಲ ಕಣ್ಣಿಗೆ ಕಾಣುತ್ತದೆ: ಕಥೆಯ ಲೂಸಿ-ರಿಕಿ ರಿಕಾರ್ಡೊ ದಂಪತಿಯ ಮನೆಯ ಪರದೆಯ ನೇಯ್ಗೆ, ಲೂಸಿಯ ಕಣ್ರೆಪ್ಪೆ, ಅಡುಗೆಮನೆಯ ಡಬ್ಬಗಳ ಮೇಲಿನ ಅಕ್ಷರ. ಅದಕ್ಕಿಂತ ಬೆಲೆಯುಳ್ಳದ್ದು, ಕಂತುಗಳನ್ನು ಮೊದಲು ಪ್ರಸಾರವಾದ ರೂಪದಲ್ಲಿ ನೋಡುವ ಆಯ್ಕೆ. ಸ್ಯಾಟಿನ್ ಬಟ್ಟೆಯ ಮೇಲೆ ಹೃದಯದ ಚಿತ್ರ ಬರುವ ಶೀರ್ಷಿಕೆಯನ್ನೇ ಎಲ್ಲರೂ ಮೂಲ ಎಂದುಕೊಂಡಿದ್ದಾರೆ. ಅದು ಮರುಪ್ರಸಾರಕ್ಕೆಂದು ಆಮೇಲೆ ಮಾಡಿದ್ದು. ಮೂಲದಲ್ಲಿ ಬರುತ್ತಿದ್ದದ್ದು ಕಡ್ಡಿಗೊಂಬೆಯಂಥ ಕಾರ್ಟೂನ್ ಲೂಸಿ ಮತ್ತು ರಿಕಿ, ಜೊತೆಗೆ ಸಿಗರೇಟ್ ಪೊಟ್ಟಣ. ಪ್ರಾಯೋಜಕ ಕಾರ್ಯಕ್ರಮದ ಒಳಗೇ ಹೇಗೆ ಮನೆ ಮಾಡಿಕೊಂಡಿದ್ದ ಎಂಬುದು ಇದನ್ನು ನೋಡದೆ ಅರ್ಥವಾಗುವುದಿಲ್ಲ. ಕೊರತೆ ಒಂದೇ, ಆದರೆ ದೊಡ್ಡದು: ಬ್ಲೂ-ರೇ ಬಂದದ್ದು ಮೊದಲ ಎರಡು ಸೀಸನ್‌ಗಳಿಗೆ ಮಾತ್ರ. ಉಳಿದವನ್ನು ಡಿವಿಡಿಯಲ್ಲೇ ನೋಡಬೇಕು. 1953ರ ಜನವರಿ 19ರಂದು ಸುಮಾರು 4.4 ಕೋಟಿ ಜನ ನೋಡಿದ, ಲೂಸಿ ಹೆರಿಗೆಗೆ ಹೋಗುವ ಕಂತು ಎರಡನೆಯ ಸೀಸನ್ನಿನದು, ಆದ್ದರಿಂದ ಎರಡನ್ನೂ ಕೊಳ್ಳಿ. ಬಣ್ಣ ಹಚ್ಚಿದ ಕಂತುಗಳ ಬಿಡಿ ಡಿಸ್ಕ್‌ಗಳನ್ನು ಮುಟ್ಟಬೇಡಿ. ಕಪ್ಪು-ಬಿಳುಪಿಗೆಂದೇ ಲೆಕ್ಕ ಹಾಕಿದ ಬೆಳಕಿಗೆ ಬಣ್ಣ ಬಳಿದರೆ ಮುಖಗಳೆಲ್ಲ ಮೇಣದಂತಾಗುತ್ತವೆ.

‘ದ ಟ್ವೈಲೈಟ್ ಝೋನ್’ ಬ್ಲೂ-ರೇ ಸೆಟ್ ಕೂಡ ಇದೇ ದರ್ಜೆಯದು. 1959ರಿಂದ 1964ರವರೆಗೆ ಸಿಬಿಎಸ್‌ನಲ್ಲಿ ಐದು ಸೀಸನ್, 156 ಕಂತು. ಈ ವಿಚಿತ್ರ ಕಥೆಗಳ ಸರಣಿಯ ಕರ್ತೃ ರಾಡ್ ಸರ್ಲಿಂಗ್ ಸಿಗರೇಟು ಹಿಡಿದು ನಿಂತು ಪೀಠಿಕೆ ಹೇಳುವ ದೃಶ್ಯಗಳಲ್ಲಿ ಕೋಟಿನ ನೂಲೂ ಎಣಿಸಬಹುದು. ಆದರೆ ಎರಡನೆಯ ಸೀಸನ್ನಿಗೆ ಬಂದಾಗ ಕೆಲವರು ಡಿಸ್ಕ್ ಹಾಳಾಗಿದೆ ಎಂದು ದೂರುತ್ತಾರೆ. ಹಾಳಾಗಿಲ್ಲ. ಖರ್ಚು ಉಳಿಸಲು ಆ ಸೀಸನ್ನಿನ ಆರು ಕಂತುಗಳನ್ನು ಫಿಲ್ಮಿನ ಬದಲು ವಿಡಿಯೊ ಟೇಪಿನಲ್ಲಿ ತೆಗೆದರು. ಕಂತಿಗೆ ಸುಮಾರು 5,000 ಡಾಲರ್ ಉಳಿಯಿತು, ಅಷ್ಟಕ್ಕೆ ಹೊರಾಂಗಣ ದೃಶ್ಯಗಳೂ ಹೋದವು, ಸಂಕಲನದ ಸ್ವಾತಂತ್ರ್ಯವೂ ಹೋಯಿತು. ‘ದ ಲೇಟ್‌ನೆಸ್ ಆಫ್ ದ ಅವರ್’, ‘ದ ನೈಟ್ ಆಫ್ ದ ಮೀಕ್’, ‘ದ ಹೋಲ್ ಟ್ರೂತ್’, ‘ಟ್ವೆಂಟಿ ಟೂ’, ‘ಸ್ಟ್ಯಾಟಿಕ್’, ‘ಲಾಂಗ್ ಡಿಸ್ಟನ್ಸ್ ಕಾಲ್’ ಇವೇ ಆ ಆರು. ಬ್ಲೂ-ರೇಯಲ್ಲೂ ಅವು ಮೆತ್ತಗೆ, ಅಂಚು ಕಲಸಿದಂತೆಯೇ ಕಾಣುತ್ತವೆ. ಇವನ್ನು ಅಕ್ಕಪಕ್ಕದ ಕಂತಿನ ಜೊತೆ ಒಂದೇ ಸಂಜೆ ನೋಡಿದರೆ ಫಿಲ್ಮಿಗೂ ಟೇಪಿಗೂ ಇರುವ ಅಂತರ ಯಾವ ಪಾಠಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ನಾಲ್ಕನೆಯ ಸೀಸನ್ನಿನ 18 ಕಂತುಗಳು ಒಂದು ಗಂಟೆಯವು, ಅರ್ಧ ಗಂಟೆಯ ಕಥೆಯನ್ನು ಎಳೆದದ್ದು ಗೊತ್ತಾಗುತ್ತದೆ. ಹೊಸಬರು ಆ ಸೀಸನ್ನನ್ನು ಕೊನೆಗಿಟ್ಟುಕೊಂಡರೆ ನಷ್ಟವಿಲ್ಲ. ಡಿವಿಡಿಯಲ್ಲಿ ‘ಕಂತುಗಳು ಮಾತ್ರ’ ಎಂಬ ಅಗ್ಗದ ಆವೃತ್ತಿಯೂ ಇದೆ. ಅದರಲ್ಲಿ ವ್ಯಾಖ್ಯಾನ, ಸಂದರ್ಶನಗಳಿಲ್ಲ, ಚರಿತ್ರೆ ಬೇಕಾದವರಿಗೆ ಅದು ಸಾಲದು.

‘ಸ್ಟಾರ್ ಟ್ರೆಕ್’ ವಿಷಯದಲ್ಲಿ ಎರಡು ಮಾತು. 1966ರಿಂದ 1969ರವರೆಗಿನ ಮೂಲ ಸರಣಿಯ 79 ಕಂತುಗಳಿಗೆ 2006ರಿಂದ ಕಂಪ್ಯೂಟರಿನಲ್ಲಿ ಹೊಸ ಗಗನನೌಕೆ ದೃಶ್ಯಗಳನ್ನು ಅಂಟಿಸಿದರು. ಬ್ಲೂ-ರೇಯಲ್ಲಿ ಮೂಲ ದೃಶ್ಯ ಬೇಕೋ ಹೊಸದು ಬೇಕೋ ಎಂದು ರಿಮೋಟಿನಲ್ಲೇ ಆರಿಸಬಹುದು. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಈ ಆಯ್ಕೆ ಇರುವುದಿಲ್ಲ, ಹೊಸದನ್ನೇ ಬಡಿಸುತ್ತಾರೆ. ಡಿಸ್ಕಿಗೆ ಕೊಟ್ಟ ಹಣ ಸಾರ್ಥಕವಾಗುವುದು ಇಂಥ ಕಡೆ. ಅದರ ಮುಂದಿನ ಸರಣಿ ‘ನೆಕ್ಸ್ಟ್ ಜನರೇಷನ್’ ಕಥೆ ಬೇರೆ. 1987ರಿಂದ 1994ರವರೆಗಿನ 178 ಕಂತುಗಳನ್ನು ತೆಗೆದದ್ದು 35 ಎಂಎಂ ಫಿಲ್ಮಿನಲ್ಲೇ. ಆದರೆ ಸಂಕಲನ, ವಿಶೇಷ ದೃಶ್ಯಗಳ ಜೋಡಣೆ ಎಲ್ಲವೂ ಟೇಪಿನಲ್ಲಿ ನಡೆದಿತ್ತು. ಹಾಗಾಗಿ ಮುಗಿದ ಕಂತಿನ ಫಿಲ್ಮ್ ನೆಗೆಟಿವ್ ಎಂಬುದೇ ಇರಲಿಲ್ಲ. 2012ರಿಂದ 2014ರವರೆಗೆ ಬ್ಲೂ-ರೇಗಾಗಿ ಕಚ್ಚಾ ಫಿಲ್ಮ್ ಹುಡುಕಿ, ಒಂದೊಂದು ಶಾಟನ್ನೂ ಮತ್ತೆ ಜೋಡಿಸಿದರು. ಆ ಖರ್ಚು ಗಿಟ್ಟದ್ದರಿಂದಲೇ ‘ಡೀಪ್ ಸ್ಪೇಸ್ ನೈನ್’, ‘ವಾಯೇಜರ್’ ಸರಣಿಗಳು ಇನ್ನೂ ಡಿವಿಡಿ ಮಟ್ಟದಲ್ಲೇ ನಿಂತಿವೆ. ಬಳಸಿದ ಸೆಟ್ ಕೊಳ್ಳುವವರಿಗೊಂದು ಎಚ್ಚರಿಕೆ: ಮೊದಲ ಸೀಸನ್ನಿನ ಮೊದಲ ಮುದ್ರಣದ ಕೆಲವು ಡಿಸ್ಕ್‌ಗಳಲ್ಲಿ ಸರೌಂಡ್ ಧ್ವನಿಯ ಚಾನೆಲ್‌ಗಳು ಅದಲುಬದಲಾಗಿದ್ದವು. ಕಂಪನಿ ಬದಲಿ ಡಿಸ್ಕ್ ಕೊಟ್ಟಿತ್ತು. ಬದಲಾಯಿಸಿದ ಡಿಸ್ಕ್‌ಗಳೇ ಹೌದೇ ಎಂದು ಮಾರುವವರನ್ನು ಕೇಳಿ.

ಇನ್ನು ಕಿನೆಸ್ಕೋಪ್. ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ನೇರ ಪ್ರಸಾರವನ್ನು ಸೆರೆಹಿಡಿಯುವುದು, ಅಷ್ಟೇ. ಅಮೆರಿಕದ ಟಿವಿ ಸೆಕೆಂಡಿಗೆ 60 ಅರ್ಧಚಿತ್ರಗಳನ್ನು ತೋರಿಸುತ್ತಿತ್ತು, ಫಿಲ್ಮು 24 ಪೂರ್ಣಚಿತ್ರಗಳನ್ನು ಹಿಡಿಯುತ್ತಿತ್ತು. ನಡುವಿನದು ಬಿದ್ದುಹೋಗುತ್ತದೆ, ಅದರಿಂದಲೇ ಆ ತೊಡರುವ ಚಲನೆ. ಬಿಳಿ ಅಂಗಿ ಬೆಳಕು ಕಾರುವುದು, ಮೂಲೆಗಳು ಬಾಗುವುದು, ಮುಖದ ಸುತ್ತ ಕಪ್ಪು ಅಂಚು ಬರುವುದು ಎಲ್ಲವೂ ಆ ಪರದೆಯದೇ ದೋಷ. ಸಿಡ್ ಸೀಸರ್ ಅವರ ‘ಯುವರ್ ಶೋ ಆಫ್ ಶೋಸ್’ ಶನಿವಾರ ರಾತ್ರಿ ಒಂದೂವರೆ ಗಂಟೆ ನೇರ ಪ್ರಸಾರವಾಗುತ್ತಿತ್ತು. 1950ರಿಂದ 1954ರವರೆಗಿನ ಆ ಪ್ರಹಸನಗಳು ಉಳಿದದ್ದು ಕಿನೆಸ್ಕೋಪಿನಿಂದಲೇ. ಇಂಥವನ್ನು ಚಿತ್ರದ ಗುಣಮಟ್ಟಕ್ಕೆ ಅಳೆಯಬಾರದು, ಮಾತು ಸ್ಪಷ್ಟವಾಗಿ ಕೇಳುತ್ತದೆಯೇ ಎಂಬುದನ್ನಷ್ಟೇ ನೋಡಬೇಕು.

ಫಿಲ್ಮಿಗೂ ಕಿನೆಸ್ಕೋಪಿಗೂ ನಡುವಿನ ಪ್ರಾಣಿಯೊಂದಿದೆ, ಅದೇ ‘ದ ಹನಿಮೂನರ್ಸ್’. ಜಾಕಿ ಗ್ಲೀಸನ್ ಅವರ 1955-56ರ 39 ಕಂತುಗಳನ್ನು ಡ್ಯೂಮಾಂಟ್ ಕಂಪನಿಯ ಎಲೆಕ್ಟ್ರಾನಿಕ್ಯಾಮ್ ಎಂಬ ಯಂತ್ರದಲ್ಲಿ ತೆಗೆದರು. ಟಿವಿ ಕ್ಯಾಮೆರಾ ಮತ್ತು ಫಿಲ್ಮ್ ಕ್ಯಾಮೆರಾ ಒಂದೇ ಲೆನ್ಸಿನ ಬೆಳಕನ್ನು ಹಂಚಿಕೊಳ್ಳುವ ಏರ್ಪಾಡು ಅದು. ಆದ್ದರಿಂದ 2014ರ ‘ಕ್ಲಾಸಿಕ್ 39’ ಬ್ಲೂ-ರೇ ನಿಜವಾದ ಫಿಲ್ಮಿನ ಚೊಕ್ಕತನ ಕೊಡುತ್ತದೆ. ‘ಲಾಸ್ಟ್ ಎಪಿಸೋಡ್ಸ್’ ಎಂಬ ಹೆಸರಿನ ಸೆಟ್ ಬೇರೆಯೇ ಸರಕು. ಗ್ಲೀಸನ್ ಅವರ ದೊಡ್ಡ ವಿನೋದಾವಳಿ ಕಾರ್ಯಕ್ರಮದೊಳಗಿನ ಪ್ರಹಸನಗಳು, ಎಲ್ಲ ಕಿನೆಸ್ಕೋಪ್. ಎರಡನ್ನೂ ಒಂದೇ ಎಂದು ಕೊಂಡು ಪೆಚ್ಚಾಗುವವರು ಬಹಳ. ಬಸ್ ಚಾಲಕ ರಾಲ್ಫ್, ಚರಂಡಿ ಕೆಲಸದ ನಾರ್ಟನ್, ಎರಡು ಕೋಣೆಯ ಬ್ರೂಕ್ಲಿನ್ ಮನೆ, ಸರಣಿಯ ಬಂಡವಾಳ ಇಷ್ಟೇ. ನಾರ್ಟನ್ ಆದ ಆರ್ಟ್ ಕಾರ್ನಿಯೇ ಮೇಲೆ ಹೇಳಿದ ‘ನೈಟ್ ಆಫ್ ದ ಮೀಕ್’ ಕಂತಿನ ಕುಡುಕ ಸಾಂಟಾ. ಮರುಪ್ರಸಾರದ ಹಣ ಬರುವಂತೆ ಕರಾರಿನಲ್ಲಿ ಬರೆಸಿಕೊಂಡಿದ್ದ ಜಾಣೆ, ರಾಲ್ಫನ ಹೆಂಡತಿ ಆಲಿಸ್ ಪಾತ್ರದ ಆಡ್ರಿ ಮೆಡೋಸ್. ವಕೀಲನಾಗಿದ್ದ ಅಣ್ಣ ಹೇಳಿಕೊಟ್ಟ ಬುದ್ಧಿ.

ಡ್ಯೂಮಾಂಟ್ ಹೆಸರು ಬಂದದ್ದರಿಂದ ಹೇಳಬೇಕು: 1946ರಿಂದ 1956ರವರೆಗೆ ನಡೆದ ಆ ನಾಲ್ಕನೆಯ ಜಾಲದ ಕಾರ್ಯಕ್ರಮಗಳ ‘ಸಂಪೂರ್ಣ ಸೆಟ್’ ಎಂದು ಯಾರಾದರೂ ಮಾರಿದರೆ ನಂಬಬೇಡಿ. ಸಂಗ್ರಹದ ಬಹುಪಾಲನ್ನು 1970ರ ದಶಕದಲ್ಲಿ ನ್ಯೂಯಾರ್ಕ್ ಕೊಲ್ಲಿಗೆ ಸುರಿದರು ಎಂದು ನಟಿ ಈಡಿ ಆಡಮ್ಸ್ 1996ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ವಿಚಾರಣೆಯಲ್ಲಿ ಹೇಳಿದರು. ಈಕೆಯ ಗಂಡ ಎರ್ನಿ ಕೋವಾಕ್ಸ್, ಟಿವಿ ಕ್ಯಾಮೆರಾದ ಕಣ್ಕಟ್ಟನ್ನೇ ಹಾಸ್ಯವಾಗಿಸಿದವನು, 1962ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಅವನ ಟೇಪುಗಳನ್ನು ಅಳಿಸುತ್ತಿದ್ದಾರೆಂದು ತಿಳಿದ ಆಡಮ್ಸ್ ಉಳಿದವನ್ನು ಹಣ ಕೊಟ್ಟು ಬಿಡಿಸಿಕೊಂಡರು. ಶೌಟ್ ಫ್ಯಾಕ್ಟರಿಯವರು 2011ರಲ್ಲಿ ತಂದ ಆರು ಡಿಸ್ಕ್‌ಗಳ ಕೋವಾಕ್ಸ್ ಸೆಟ್ ಇರುವುದು ಆ ಹೆಂಗಸಿನ ದಯೆಯಿಂದ. ನಗು ಬರುವುದಕ್ಕಿಂತ ಬೆರಗಾಗುವುದೇ ಹೆಚ್ಚು, ಆದರೂ ಕೊಳ್ಳಲೇಬೇಕಾದದ್ದು.

ಟೇಪುಗಳನ್ನು ಅಳಿಸಿದ್ದೇಕೆ? 1956ರಲ್ಲಿ ಆಂಪೆಕ್ಸ್ ಕಂಪನಿ ಎರಡು ಇಂಚು ಅಗಲದ ಟೇಪಿನ ಯಂತ್ರ ತಂದಿತು. ಅದೇ ನವೆಂಬರ್ 30ರಂದು ಸಿಬಿಎಸ್ ತನ್ನ ಡಗ್ಲಸ್ ಎಡ್ವರ್ಡ್ಸ್ ವಾರ್ತೆಯನ್ನು ಪಶ್ಚಿಮ ಕರಾವಳಿಗೆ ತಡವಾಗಿ ಪ್ರಸಾರ ಮಾಡಲು ಮೊದಲ ಸಲ ಬಳಸಿತು. ಟೇಪು ದುಬಾರಿ, ಮತ್ತೆ ಮತ್ತೆ ಬಳಸಬಹುದಾದದ್ದು, ಜಾಗ ತಿನ್ನುವಂಥದ್ದು. ಜಾನಿ ಕಾರ್ಸನ್ 1962ರ ಅಕ್ಟೋಬರ್ 1ರಿಂದ 1992ರ ಮೇ 22ರವರೆಗೆ ‘ಟುನೈಟ್ ಶೋ’ ನಡೆಸಿದರು. ಮೊದಲ ಹತ್ತು ವರ್ಷಗಳ ಬಹುಪಾಲು ಇಲ್ಲ. ಕಾರ್ಸನ್ ಸೆಟ್‌ಗಳಲ್ಲಿ ಆಯ್ದ ತುಣುಕುಗಳ ಸಂಕಲನಗಳೂ ಇವೆ, ಪೂರ್ತಿ ಕಂತುಗಳಿರುವವೂ ಇವೆ. ತಡರಾತ್ರಿಯ ಮಾತುಕತೆಯ ಲಯ ತಿಳಿಯಬೇಕಾದರೆ ಪೂರ್ತಿ ಕಂತೇ ಬೇಕು. ತುಣುಕಿನಲ್ಲಿ ನಗೆಹನಿ ಮಾತ್ರ ಉಳಿಯುತ್ತದೆ. ಎಡ್ ಸಲಿವನ್ ಅವರ ವಿನೋದಾವಳಿ ಕಾರ್ಯಕ್ರಮದ ವಿಷಯದಲ್ಲೂ ಇದೇ ಮಾತು. ಬೀಟಲ್ಸ್ ಬಂದ ನಾಲ್ಕು ಕಾರ್ಯಕ್ರಮಗಳನ್ನು ಜಾಹೀರಾತಿನ ಸಮೇತ ಪೂರ್ತಿಯಾಗಿ ಕೊಟ್ಟ ಡಿವಿಡಿಯನ್ನೇ ಹುಡುಕಿ. 1964ರ ಫೆಬ್ರವರಿ 9ರಂದು ಸುಮಾರು 7.3 ಕೋಟಿ ಜನ ನೋಡಿದ ಆ ಗಂಟೆಯಲ್ಲಿ ಜಾದೂಗಾರ, ಮಿಮಿಕ್ರಿ, ಬ್ರಾಡ್‌ವೇ ನಾಟಕದ ಹಾಡು ಎಲ್ಲವೂ ಇದ್ದವು. ಇಡೀ ಮನೆಮಂದಿ ಒಂದೇ ಪೆಟ್ಟಿಗೆ ನೋಡುತ್ತಿದ್ದ ಕಾಲದ ರಚನೆ ಅದು.

ಟೇಪಿನ ಸರಣಿಗಳಲ್ಲಿ ಅತಿ ವಿಚಿತ್ರ ಖರೀದಿ ‘ಡಾರ್ಕ್ ಶ್ಯಾಡೋಸ್’. ಎಬಿಸಿಯಲ್ಲಿ 1966ರ ಜೂನ್ 27ರಿಂದ 1971ರ ಏಪ್ರಿಲ್ 2ರವರೆಗೆ ಹಗಲು ಹೊತ್ತಿನಲ್ಲಿ ಬಂದ ಭೂತಪ್ರೇತಗಳ ಧಾರಾವಾಹಿ, 1,225 ಕಂತು. 2012ರಲ್ಲಿ ಎಂಪಿಐ ಕಂಪನಿ ಎಲ್ಲವನ್ನೂ 131 ಡಿಸ್ಕ್‌ಗಳಲ್ಲಿ, ಶವಪೆಟ್ಟಿಗೆಯ ಆಕಾರದ ಡಬ್ಬದಲ್ಲಿಟ್ಟು ಮಾರಿತು. ಹಗಲಿನ ಧಾರಾವಾಹಿಯೊಂದು ಹೀಗೆ ಇಡಿಯಾಗಿ ಸಿಗುವುದೇ ಅಪರೂಪ. ಕಳೆದುಹೋದದ್ದು 1219ನೆಯ ಕಂತು ಒಂದೇ. ಅದನ್ನೂ ಅಭಿಮಾನಿಯೊಬ್ಬರು ಮನೆಯಲ್ಲಿ ಧ್ವನಿಮುದ್ರಿಸಿಕೊಂಡದ್ದರ ಆಧಾರದ ಮೇಲೆ ಕಟ್ಟಿಕೊಟ್ಟಿದ್ದಾರೆ. ಬಣ್ಣದ ಕಂತುಗಳ ನಡುವೆ ಹಠಾತ್ತನೆ ಕಪ್ಪು-ಬಿಳುಪು ಬಂದರೆ ಗಾಬರಿ ಬೇಡ, ಟೇಪು ಹೋಗಿ ಕಿನೆಸ್ಕೋಪ್ ಮಾತ್ರ ಉಳಿದ ಕಡೆ ಅದು. ಮೈಕು ತಲೆಯ ಮೇಲೆ ತೂಗುತ್ತದೆ, ಗೋಡೆ ಅಲ್ಲಾಡುತ್ತದೆ, ನಟರು ಮಾತು ಮರೆಯುತ್ತಾರೆ, ಯಾವುದನ್ನೂ ತಿದ್ದಿಲ್ಲ. ಎರಡಿಂಚು ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕಿತ್ತು, ಅಂಟಿಸಿದ ಟೇಪನ್ನು ಮತ್ತೆ ಬಳಸುವುದು ಕಷ್ಟವಾಗುತ್ತಿತ್ತು. ಪೂರ್ತಿ ಸೆಟ್ಟಿಗೆ ಧೈರ್ಯವಿಲ್ಲದವರು ಬಿಡಿ ಸಂಪುಟಗಳನ್ನು ಕೊಳ್ಳಬಹುದು, ಆದರೆ ಹೆಸರು ನೋಡಿ ಮೋಸಹೋಗಬಾರದು. ‘ಕಲೆಕ್ಷನ್ 1’ ಶುರುವಾಗುವುದು 210ನೆಯ ಕಂತಿನಿಂದ, ರಕ್ತಪಿಶಾಚಿ ಬಾರ್ನಬಸ್ ಬರುವ ಹೊತ್ತಿನಿಂದ. ಅದಕ್ಕೆ ಮುಂಚಿನ 209 ಕಂತುಗಳು ‘ದ ಬಿಗಿನಿಂಗ್’ ಎಂಬ ಬೇರೆ ಸಂಪುಟಗಳಲ್ಲಿವೆ. ಜನ ಈ ಧಾರಾವಾಹಿಗೆ ಮುಗಿಬಿದ್ದದ್ದು ಬಾರ್ನಬಸ್ ಬಂದ ಮೇಲೆಯೇ, ಹಾಗಾಗಿ ‘ಕಲೆಕ್ಷನ್ 1’ರಿಂದ ಶುರು ಮಾಡುವುದೇ ಲೇಸು.

ಟೇಪಿನ ಸರಣಿಗೆ ‘ಎಚ್‌ಡಿ’ ಎಂದು ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ. ಅಮೆರಿಕದ ಆ ಕಾಲದ ಸಂಕೇತದಲ್ಲಿ ಇದ್ದದ್ದು 525 ಗೆರೆ, ಚಿತ್ರ ಕಾಣುತ್ತಿದ್ದದ್ದು ಸುಮಾರು 480ರಲ್ಲಿ. ಇಲ್ಲದ ವಿವರವನ್ನು ಯಾವ ಯಂತ್ರವೂ ತಂದುಕೊಡಲಾರದು, ಊಹಿಸಿ ತುಂಬಬಹುದು ಅಷ್ಟೇ. ಎನ್‌ಬಿಸಿಯ ‘ಎ ಡಿಫರೆಂಟ್ ವರ್ಲ್ಡ್’ ಸರಣಿಯನ್ನು ಹೀಗೆ ಯಾಂತ್ರಿಕವಾಗಿ ಹಿಗ್ಗಿಸಿದ ಪ್ರತಿ 2025ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ, ಕಲಸಿದ ಅಕ್ಷರ ಮತ್ತು ವಿಕಾರ ಮುಖಗಳಿಗೆ ಟೀಕೆ ಬಂತು. ಇನ್ನೊಂದು ಸೂಕ್ಷ್ಮವೂ ಇದೆ. ಟೇಪಿನ ಜೀವ ಇರುವುದು ಸೆಕೆಂಡಿನ ಆ 60 ಅರ್ಧಚಿತ್ರಗಳಲ್ಲಿ, ಎದುರೇ ನಡೆಯುತ್ತಿದೆ ಎನ್ನಿಸುವ ನುಣುಪಿನಲ್ಲಿ. ಸ್ಟ್ರೀಮಿಂಗ್‌ನಲ್ಲಿ ಹಲವು ಬಾರಿ ಇದನ್ನು 30ಕ್ಕೆ ಇಳಿಸುತ್ತಾರೆ. ನಾರ್ಮನ್ ಲಿಯರ್ ಅವರ ‘ಆಲ್ ಇನ್ ದ ಫ್ಯಾಮಿಲಿ’ 1971ರ ಜನವರಿ 12ರಿಂದ ಪ್ರೇಕ್ಷಕರ ಎದುರು ಟೇಪಿನಲ್ಲಿ ತೆಗೆದ ಸರಣಿ. ಅದರ ನಾಯಕ ಆರ್ಚಿ ಬಂಕರನ ಬೈಗುಳಕ್ಕೆ ರಂಗಮಂದಿರದ ಬಿಸಿ ಬರುವುದು ಆ ನುಣುಪಿನಿಂದ. ಹಾಗಾಗಿ 2012ರ ಶೌಟ್ ಫ್ಯಾಕ್ಟರಿ ಡಿವಿಡಿ ಸೆಟ್ಟೇ ಸಾಕು, ಅದೇ ಉತ್ತಮ. ಪ್ಲೇಯರಿನ ಅಥವಾ ಟಿವಿಯ, ಅರ್ಧಚಿತ್ರಗಳನ್ನು ಪೂರ್ಣಚಿತ್ರವಾಗಿಸುವ ಡಿಇಂಟರ್‌ಲೇಸ್ ಆಯ್ಕೆಯಲ್ಲಿ ‘ವಿಡಿಯೊ’ ಆರಿಸಿ. ‘ಫಿಲ್ಮ್’ ಆರಿಸಿದರೆ ಅಂಚುಗಳು ಬಾಚಣಿಗೆ ಹಲ್ಲಿನಂತೆ ಕಾಣುತ್ತವೆ.

ಹಕ್ಕುಗಳ ಜಗಳಕ್ಕೆ ಬಂದರೆ, ಹೆಚ್ಚು ಹಾನಿ ಮಾಡಿರುವುದು ಸಂಗೀತ. ಹಳೆಯ ಕರಾರುಗಳಲ್ಲಿ ಹಾಡುಗಳಿಗೆ ಪ್ರಸಾರದ ಅನುಮತಿ ಮಾತ್ರ ಇತ್ತು, ಅದೂ ಕೆಲವೇ ವರ್ಷಗಳಿಗೆ. ಡಿಸ್ಕಿಗೆ ಮತ್ತೆ ಹಣ ಕೊಡಬೇಕು. ಕೊಡಲು ಮನಸ್ಸಿಲ್ಲದ ಕಂಪನಿ ಯಾವುದೋ ಅನಾಮಧೇಯ ಗಿಟಾರನ್ನು ತುಂಬುತ್ತದೆ. ಇದರ ಪಾಠಪುಸ್ತಕ ಉದಾಹರಣೆ ‘ಡಬ್ಲ್ಯೂಕೆಆರ್‌ಪಿ ಇನ್ ಸಿನ್ಸಿನಾಟಿ’. ರೇಡಿಯೊ ಕೇಂದ್ರದ ಕಥೆ, 1978ರಿಂದ 1982. ಹಾಡುಗಳೇ ಅದರ ಉಸಿರು. ಟೇಪಿನಲ್ಲಿ ತೆಗೆದ ಕಾರ್ಯಕ್ರಮಕ್ಕೆ ಸಂಗೀತದ ಅನುಮತಿ ಅಗ್ಗ ಎಂಬ ಕಾರಣಕ್ಕೇ ಟೇಪು ಆರಿಸಿದ್ದರು. 2007ರಲ್ಲಿ ಫಾಕ್ಸ್ ತಂದ ಮೊದಲ ಸೀಸನ್ನಿನ ಡಿವಿಡಿಯಲ್ಲಿ ಹಾಡುಗಳನ್ನು ಬದಲಿಸಿ, ಕೆಲವು ಕಡೆ ಮಾತನ್ನೂ ಕತ್ತರಿಸಿದ್ದಾರೆ. ಹಾಡು-ಮಾತು ಒಂದೇ ಧ್ವನಿಪಟ್ಟಿಯಲ್ಲಿ ಬೆರೆತಿದ್ದರೆ ಒಂದನ್ನು ತೆಗೆದಾಗ ಇನ್ನೊಂದೂ ಹೋಗುತ್ತದೆ. ಹಳೆಯ ಮರುಪ್ರಸಾರದ ಪ್ರತಿಗಳಲ್ಲಿ ಜೆನಿಫರ್ ಎಂಬ ಪಾತ್ರದ ಮನೆಯ ಕರೆಗಂಟೆಯ ‘ಫ್ಲೈ ಮಿ ಟು ದ ಮೂನ್’ ಧಾಟಿಯೂ ಬದಲಾಗಿ, ಹಕ್ಕು ಮುಗಿದ ‘ಬ್ಯೂಟಿಫುಲ್ ಡ್ರೀಮರ್’ ಬಂದು ಕೂತಿತ್ತು. 2014ರ ಶೌಟ್ ಫ್ಯಾಕ್ಟರಿ ಸೆಟ್ಟಿನಲ್ಲಿ ಬಹುಪಾಲು ಹಾಡು ಹಿಂದಿರುಗಿದೆ, ಎಲ್ಲವೂ ಅಲ್ಲ. ಕೊಳ್ಳುವುದಾದರೆ ಅದನ್ನೇ, 2007ರದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ‘ದ ವಂಡರ್ ಇಯರ್ಸ್’ ಕೂಡ 2014ರಲ್ಲಿ ಬಹುತೇಕ ಎಲ್ಲ ಹಾಡುಗಳೊಂದಿಗೆ ಡಿವಿಡಿಗೆ ಬಂತು. ‘ಸ್ಯಾಟರ್ಡೇ ನೈಟ್ ಲೈವ್’ ಬೇಕಾದವರು ಮೊದಲ ಐದು ಸೀಸನ್‌ಗಳ ಡಿವಿಡಿ ಹಿಡಿಯಲಿ, ಸ್ಟ್ರೀಮಿಂಗ್ ಪ್ರತಿಗಳಲ್ಲಿ ಸಂಗೀತದ ಭಾಗಗಳೇ ಮಾಯ. ಸ್ಟ್ರೀಮಿಂಗ್ ಗೆದ್ದ ಉದಾಹರಣೆಯನ್ನೂ ಹೇಳಬೇಕು: ‘ಮೂನ್‌ಲೈಟಿಂಗ್’ ವರ್ಷಗಟ್ಟಲೆ ಹಾಡುಗಳ ಹಕ್ಕಿನಲ್ಲಿ ಸಿಕ್ಕಿಬಿದ್ದು, 2023ರಲ್ಲಿ ಹುಲು ತಾಣಕ್ಕೆ ಹೆಚ್ಚಿನ ಹಾಡುಗಳ ಸಮೇತ ಬಂತು.

ಅಗಲದ ಪರದೆಗೆ ಕತ್ತರಿಸುವುದು ಎರಡನೆಯ ರೋಗ. ಹಳೆಯ ಟಿವಿಯ 4:3 ಅಳತೆಯ ಚಿತ್ರವನ್ನು ಇಂದಿನ ಪರದೆಯ 16:9ಕ್ಕೆ ಹೊಂದಿಸಿದರೆ ಎತ್ತರದ ಕಾಲು ಭಾಗ ಹೋಗುತ್ತದೆ. ‘ಸೈನ್‌ಫೆಲ್ಡ್’ 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ, ರಸ್ತೆಗುಂಡಿಯ ಕುರಿತ ಕಂತಿನಲ್ಲಿ ಗುಂಡಿಯೇ ಚೌಕಟ್ಟಿನ ಹೊರಗೆ ಬಿದ್ದಿತ್ತು. 2019ರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ‘ದ ಸಿಂಪ್ಸನ್ಸ್’ಗೂ ಹೀಗೇ ಆಯಿತು: ಮೂರು ಬಗೆಯ ಬಿಯರ್ ಒಂದೇ ಕೊಳವೆಯಿಂದ ಬರುತ್ತದೆಂಬ ಹಾಸ್ಯದಲ್ಲಿ ಆ ಕೊಳವೆ ಕಾಣಲಿಲ್ಲ. ಮರುವರ್ಷ ಮೂಲ ಅಳತೆಯ ಆಯ್ಕೆ ಕೊಟ್ಟರು, ಅದನ್ನು ನೀವೇ ಹುಡುಕಿ ಒತ್ತಬೇಕು. ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಎಚ್‌ಡಿ ಪ್ರತಿಯಲ್ಲಿ ಕತ್ತರಿಸುವ ಬದಲು ಪಕ್ಕಗಳನ್ನು ತೆರೆದರು. ದೀಪ, ಸಿಬ್ಬಂದಿ ಕಂಡರು, ಹಗಲಲ್ಲಿ ತೆಗೆದು ರಾತ್ರಿಯಂತೆ ಕಪ್ಪಾಗಿಸಿದ್ದ ದೃಶ್ಯಗಳು ಮತ್ತೆ ಹಗಲಾದವು. ‘ಸೈನ್‌ಫೆಲ್ಡ್’, ‘ಬಫಿ’ ಎರಡಕ್ಕೂ ಅಮೆರಿಕದ ಹಳೆಯ ಡಿವಿಡಿಯೇ ಸರಿ. ‘ದ ವೈರ್’ ಮಾತ್ರ ಬೇರೆ ಮಾತು. 2014ರಲ್ಲಿ ಅದನ್ನು ಅಗಲಗೊಳಿಸಿದಾಗ ಸರಣಿಯ ಕರ್ತೃ ಡೇವಿಡ್ ಸೈಮನ್ ಅವರೇ ಕೂತು ನೋಡಿದ್ದರಿಂದ ಆ ಬ್ಲೂ-ರೇ ನೋಡುವಂತಿದೆ.

ಕತ್ತರಿ ಬಿದ್ದಿದೆಯೇ ಎಂದು ತಿಳಿಯಲು ಕಂತಿನ ಅವಧಿ ನೋಡಿದರೆ ಸಾಕು. 1950ರ ದಶಕದ ಅರ್ಧ ಗಂಟೆಯ ಕಂತು 25-26 ನಿಮಿಷ ಇರಬೇಕು. 22 ಎಂದು ತೋರಿಸಿದರೆ ಅದು ಹೆಚ್ಚು ಜಾಹೀರಾತಿಗೆ ಜಾಗ ಮಾಡಲು ಕತ್ತರಿಸಿದ ಮರುಪ್ರಸಾರದ ಪ್ರತಿ. 1960ರ ದಶಕದ ಒಂದು ಗಂಟೆಯ ಕಂತು ಸುಮಾರು 50 ನಿಮಿಷ. ‘ನೆಕ್ಸ್ಟ್ ಜನರೇಷನ್’ ಕಾಲಕ್ಕೆ ಅದು 45ಕ್ಕೆ ಇಳಿದಿತ್ತು.

ಅಗ್ಗದ ‘50 ಕಂತು, ಎರಡು ಡಿಸ್ಕ್’ ಸೆಟ್‌ಗಳ ಗುಟ್ಟು ಇಷ್ಟು: 1964ಕ್ಕೆ ಮುಂಚಿನ ಅಮೆರಿಕನ್ ಕೃತಿಗಳ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು. ಮರೆತವು ಸಾರ್ವಜನಿಕ ಸ್ವತ್ತಾದವು. ‘ಆಂಡಿ ಗ್ರಿಫಿತ್ ಶೋ’ ಮೂರನೆಯ ಸೀಸನ್ನಿನ ಮೊದಲ 16 ಕಂತು, ‘ಬೆವರ್ಲಿ ಹಿಲ್‌ಬಿಲ್ಲೀಸ್’ ಆರಂಭದ 55 ಕಂತು, ‘ಬೊನಾಂಜಾ’ದ 31 ಕಂತು ಹೀಗೆ ಬೀದಿಗೆ ಬಂದವು. ಆದರೆ ಶೀರ್ಷಿಕೆ ಸಂಗೀತದ ಹಕ್ಕು ಉಳಿದಿರುವುದರಿಂದ ಈ ಸೆಟ್‌ಗಳಲ್ಲಿ ಅದು ಬದಲಾಗಿರುತ್ತದೆ. ಪ್ರತಿಯೂ ಗೀರು ಬಿದ್ದ 16 ಎಂಎಂ ಫಿಲ್ಮಿನದು. ರುಚಿ ನೋಡಲು ಅಡ್ಡಿಯಿಲ್ಲ, ಸಂಗ್ರಹಕ್ಕೆ ಬೇಡ.

‘ಮ್ಯಾಶ್’ ಡಿವಿಡಿ ಸೆಟ್ಟಿನ ಒಂದೇ ಗುಂಡಿಗಾಗಿ ಅದನ್ನು ಕೊಳ್ಳಬಹುದು. ಕೊರಿಯಾ ಯುದ್ಧದ ಆಸ್ಪತ್ರೆಯ ಈ ಸರಣಿ 1972ರಿಂದ 1983ರವರೆಗೆ, ಯುದ್ಧಕ್ಕಿಂತ ಎಷ್ಟೋ ಹೆಚ್ಚು ಕಾಲ ನಡೆಯಿತು. 1983ರ ಫೆಬ್ರವರಿ 28ರ ಕೊನೆಯ ಕಂತನ್ನು ಸುಮಾರು 10.6 ಕೋಟಿ ಜನ ನೋಡಿದರು. ಸಿಬಿಎಸ್ ಹಠ ಹಿಡಿದು ಸೇರಿಸಿದ ಹಿನ್ನೆಲೆ ನಗುವನ್ನು ಡಿವಿಡಿಯ ಧ್ವನಿ ಆಯ್ಕೆಯಲ್ಲಿ ತೆಗೆದುಹಾಕಬಹುದು. ಯಾವುದಾದರೂ ಒಂದು ಕಂತನ್ನು ಎರಡು ಬಗೆಯಲ್ಲೂ ನೋಡಿ. ನಗು ಹೋದ ಮೇಲೆ ಮಾತಿನ ನಡುವಿನ ಮೌನಗಳ ಅರ್ಥವೇ ಬದಲಾಗುತ್ತದೆ.

ಡಿಸ್ಕಿನ ತೊಂದರೆಗಳನ್ನು ಬೇಗ ಹೇಳಿಬಿಡೋಣ. ಎರಡೂ ಬದಿ, ಬದಿಗೆ ಎರಡು ಪದರ ಇರುವ ಡಿವಿಡಿ-18 ಡಿಸ್ಕ್‌ಗಳು ಪದರ ಬಿಟ್ಟುಕೊಂಡು ನಡುವೆ ನಿಂತುಹೋಗುತ್ತವೆ. ಒಂದೇ ಸರಣಿಯ ಎರಡು ಮುದ್ರಣಗಳಿದ್ದರೆ ಒಂದು ಬದಿಯ ಡಿಸ್ಕ್‌ಗಳಿರುವುದನ್ನೇ ಆರಿಸಿ. ವಾರ್ನರ್ ಕಂಪನಿಯ 2006ರಿಂದ 2008ರ ನಡುವಿನ ಕೆಲವು ಡಿವಿಡಿಗಳು ಕೊಳೆಯುತ್ತಿವೆ ಎಂದು ಕಂಪನಿಯೇ 2025ರಲ್ಲಿ ಒಪ್ಪಿಕೊಂಡು ಬದಲಿ ಕೊಡಲು ಮುಂದಾಯಿತು. ಆ ಅವಧಿಯ ಸೆಟ್ ಕೊಂಡರೆ ಮೊದಲ ವಾರದಲ್ಲೇ ಪ್ರತಿ ಡಿಸ್ಕನ್ನೂ ಪೂರ್ತಿ ಓಡಿಸಿ ನೋಡಿ. ಬೇಡಿಕೆಗೆ ತಕ್ಕಂತೆ ಸುಟ್ಟುಕೊಡುವ ಡಿವಿಡಿ-ಆರ್ ತಳಭಾಗ ನೇರಳೆಯಾಗಿ ಕಾಣುತ್ತದೆ, ಅದನ್ನು ಬಿಸಿಲಿಗೆ ಇಡಬೇಡಿ. ಅಮೆರಿಕದ ಡಿವಿಡಿ ವಲಯ 1, ಬ್ಲೂ-ರೇ ವಲಯ ಎ. ಬೇರೆ ದೇಶದ ಪ್ಲೇಯರಿನಲ್ಲಿ ಓಡಬೇಕಾದರೆ ವಲಯಮುಕ್ತ ಪ್ಲೇಯರ್ ಬೇಕು. 4ಕೆ ಡಿಸ್ಕ್‌ಗೆ ಈ ಕಾಟವಿಲ್ಲ.

ಇವೆಲ್ಲದರ ಜೊತೆಗೆ ಪುಕ್ಕಟೆ ಸಿಗುವ ಒಂದು ಸೇವೆಯನ್ನು ಬಳಸದಿದ್ದರೆ ಸೆಟ್‌ಗಳ ಅರ್ಧ ಬೆಲೆ ವ್ಯರ್ಥ. ಟೆಲಿವಿಷನ್ ಅಕಾಡೆಮಿ ಫೌಂಡೇಷನ್ 1990ರ ದಶಕದ ಕೊನೆಯಿಂದ ಸಂಗ್ರಹಿಸುತ್ತಿರುವ ‘ದ ಇಂಟರ್‌ವ್ಯೂಸ್’ ಎಂಬ ಮೌಖಿಕ ಇತಿಹಾಸ ಅದು. ನಟರಷ್ಟೇ ಅಲ್ಲ, ಬರಹಗಾರರು, ನಿರ್ದೇಶಕರು, ತಂತ್ರಜ್ಞರು ಎಲ್ಲರ ಮಾತೂ ಗಂಟೆಗಟ್ಟಲೆ ಇದೆ. ಕಾರ್ಯಕ್ರಮ, ವ್ಯಕ್ತಿ, ವೃತ್ತಿ, ವಿಷಯಗಳ ಪ್ರಕಾರ ಹುಡುಕಬಹುದು. ದೋಷವೂ ಇದೆ. ಹಳೆಯ ಸಂದರ್ಶನಗಳ ಚಿತ್ರ ಸಾಧಾರಣ, ಯಾರೂ ಮಾತು ಮೊಟಕು ಮಾಡದ್ದರಿಂದ ಕೆಲವು ಎಳೆಯುತ್ತವೆ. ಪೂರ್ತಿ ಸಂದರ್ಶನಕ್ಕೆ ಕೂರಬೇಡಿ. ಸರಣಿಯ ಹೆಸರಿನಿಂದ ಹುಡುಕಿ, ಆ ಸರಣಿಗೆ ಸಂಬಂಧಿಸಿದ ತುಂಡನ್ನಷ್ಟೇ ತೆರೆಯಿರಿ. 1989ರಲ್ಲಿ ತೀರಿಕೊಂಡ ಲೂಸಿಲ್ ಬಾಲ್ ಇದರಲ್ಲಿಲ್ಲ. ಆದರೆ ಅವರಿಗೆ ಬರೆದುಕೊಟ್ಟ ಮ್ಯಾಡಲಿನ್ ಪ್ಯೂ ಡೇವಿಸ್ ಮತ್ತು ಬಾಬ್ ಕ್ಯಾರಲ್ ಜೂನಿಯರ್ ಇದ್ದಾರೆ, ‘ಮ್ಯಾಶ್’ ಕಟ್ಟಿದ ಲ್ಯಾರಿ ಗೆಲ್‌ಬಾರ್ಟ್ ಇದ್ದಾರೆ, ನಾರ್ಮನ್ ಲಿಯರ್ ಇದ್ದಾರೆ. ‘ಐ ಲವ್ ಲೂಸಿ’ಯಲ್ಲಿ ಸಹಾಯಕ ನಿರ್ದೇಶಕರಾಗಿದ್ದು, ಮುಂದೆ ‘ಮೇರಿ ಟೈಲರ್ ಮೂರ್ ಶೋ’ ನಿರ್ದೇಶಿಸಿದ ಜೇ ಸ್ಯಾಂಡ್ರಿಚ್ ಅವರದು ಮೊದಲು ಕೇಳಬೇಕಾದ ಸಂದರ್ಶನ. ಮೂರು ಕ್ಯಾಮೆರಾದ ಪದ್ಧತಿಯನ್ನು ಡೆಸಿಲುವಿನಲ್ಲಿ ಕಲಿತು 1970ರ ದಶಕದಲ್ಲಿ ಬೇರೆ ಬಗೆಯ ಹಾಸ್ಯಕ್ಕೆ ಒಗ್ಗಿಸಿದವರು ಅವರು. ಎರಡೂ ಸರಣಿಗಳ ಮೊದಲ ಡಿಸ್ಕ್ ಮುಗಿಸಿದ ಮೇಲೆ ಕೇಳಿದರೆ ಅವರು ಯಾವ ದೃಶ್ಯದ ಮಾತಾಡುತ್ತಿದ್ದಾರೆ ಎಂದು ಹುಡುಕಬೇಕಾಗುವುದಿಲ್ಲ.